ತೆನೆ ಬಿಡದ ಗೋಧಿ

ಬೆಳಿಗ್ಗೆ ಹಲ್ಲುಜ್ಜುತ್ತಿದ್ದಾಗ ಮಿಲಾದಾಳ ಬಾಯಿಗೆ ಮೊಲದ ಮಾಂಸದ ರುಚಿ ಬಂತು. ಹುಳಿಕೆನೆ ಹಾಕಿ ಅಮ್ಮ ಬೇಯಿಸುತ್ತಿದ್ದ ಮೊಲ. ಅಮ್ಮ ಹೋಗಿ ವರ್ಷಗಳಾದವು, ಹಿತ್ತಲಲ್ಲಿದ್ದ ಮೊಲದ ಗೂಡುಗಳನ್ನು ಯಾರೋ ಸೌದೆಗೆ ಒಡೆದುಕೊಂಡು ಹೋದರು, ಮಿಲಾದಾ ಮಾಂಸ ತಿನ್ನುವುದು ಬಿಟ್ಟೇ ಒಂದು ಕಾಲವಾಯಿತು. ಆದರೂ ಆ ರುಚಿ ಪೇಸ್ಟಿನ ಪುದೀನಾವನ್ನು ಪಕ್ಕಕ್ಕೆ ತಳ್ಳಿ ನಾಲಗೆಯ ಮೇಲೆ ಬಂದು ಕೂತಿತು. ಯಾಕೆಂದು ಅವಳಿಗೆ ಗೊತ್ತಿತ್ತು. ಇವತ್ತು ಅಪ್ಪ ಬರುತ್ತಾನೆ. ಮನೆಗಲ್ಲ, ಅವಳ ಪ್ರಯೋಗಾಲಯಕ್ಕೆ. ವರ್ಷಕ್ಕೊಮ್ಮೆ ಮೇ ತಿಂಗಳಲ್ಲಿ ಸಂಸ್ಥೆಯ ಬಾಗಿಲನ್ನು ಊರವರಿಗೆಲ್ಲ ತೆರೆದಿಡುವ ದಿನ ಇದು. ಶಾಲೆಯ ಮಕ್ಕಳು ಬರುತ್ತಾರೆ, ಕೆಲಸವಿಲ್ಲದವರು ಬರುತ್ತಾರೆ, ಮಳೆ ಬಂದರೆ ಬೀದಿಯಲ್ಲಿ ಹೋಗುವವರೂ ಒಳಗೆ ಬರುತ್ತಾರೆ. ಈ ಸಲ ಅಪ್ಪ ಇರುವ ಹಿರಿಯರ ವಸತಿಯಿಂದ ನಿವೃತ್ತರ ಕೂಟವೊಂದು ಸಣ್ಣ ಬಸ್ಸು ಮಾಡಿಕೊಂಡು ಬರುವುದಿತ್ತು. ಕೂಟದ ತಲೆಗೆ ಈ ಹುಳ ಬಿಟ್ಟವನು ಅಪ್ಪನೇ. ಹೋದ ಭಾನುವಾರ ಅವನು ಫೋನು ಮಾಡಿದ್ದು ಅದಕ್ಕೆ.

"ಮಿಲಾ, ಪೇಪರ್ ನೋಡಿದ್ಯಾ?"

"ಯಾವ ಪೇಪರ್ ಅಪ್ಪ?"

"ಗಿಡಕ್ಕೂ ನೆನಪಿರುತ್ತಂತೆ. ತಾಯಿ ಗಿಡ ಪಟ್ಟ ಚಳಿ, ಬಿಸಿಲು ಎಲ್ಲ ಬೀಜಕ್ಕೆ ಇಳಿಯುತ್ತಂತೆ. ಒಂದು ಪುಟ ಪೂರ್ತಿ ಬರೆದಿದಾರೆ. ಆ ಕಾಲದವರು ಹೇಳಿದ್ದು ಅಷ್ಟೇನೂ ಸುಳ್ಳಲ್ಲ ಅಂತಾನೂ ಬರೆದಿದಾರೆ."

"ಪೇಪರಿನವರು ಏನ್ ಬೇಕಾದ್ರೂ ಬರೀತಾರೆ."

"ನೀನು ಮಾಡೋ ಕೆಲಸಾನೂ ಇದೇ ಅಲ್ವಾ?"

"ಇದರ ಹತ್ತಿರದ್ದು."

"ಹತ್ತಿರ ಅಂದ್ರೆ ನಮ್ಮೂರಿಗೆ ಬರ್ನೋ ಇದ್ದ ಹಾಗಾ, ಮಾಸ್ಕೋ ಇದ್ದ ಹಾಗಾ?"

ಅವಳು ಹಾಲು ಉಕ್ಕುತ್ತಿದೆ ಎಂದು ಸುಳ್ಳು ಹೇಳಿ ಫೋನಿಟ್ಟಳು. ಇಟ್ಟ ಮೇಲೆ ಬೇಕಂತಲೇ ಹಾಲಿನ ಪಾತ್ರೆ ತೆಗೆದು ಒಲೆಯ ಮೇಲಿಟ್ಟಳು. ಸುಳ್ಳು ಹೇಳಿ ಆಮೇಲೆ ಅದನ್ನು ನಿಜ ಮಾಡಲು ಓಡಾಡುವ ಈ ಬುದ್ಧಿ ಅವಳಿಗೆ ಎಲ್ಲಿಂದ ಬಂತೋ. ಹೂ ಬಿಡುವ ಹೊತ್ತಿನ ಮೇಲೆ ಕೆಲಸ ಮಾಡುತ್ತೇನೆ ಎಂದಷ್ಟೇ ಇಷ್ಟು ವರ್ಷ ಅಪ್ಪನಿಗೆ ಹೇಳಿಕೊಂಡು ಬಂದಿದ್ದಳು. ಅದು ಸುಳ್ಳಲ್ಲ. ಆದರೆ ಅವಳು ನಿಜವಾಗಿ ನೋಡುತ್ತಿದ್ದದ್ದು, ತಾಯಿ ಗಿಡ ಕಳೆದ ಚಳಿಗಾಲದ ಗುರುತನ್ನು ಬೀಜ ಹೇಗೆ ಒರೆಸಿಹಾಕುತ್ತದೆ ಎಂಬುದನ್ನು. ಒರೆಸಿಹಾಕುತ್ತದೆ ಎಂಬ ಆ ಒಂದು ಮಾತನ್ನು ಅಪ್ಪನ ಮುಂದೆ ಆಡಲು ಅವಳಿಗೆ ಬಾಯಿ ಬಂದಿರಲಿಲ್ಲ.

ಬರ್ನೋದ ಟ್ರಾಮಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಹಿಮಸಂತರ ದಿನಗಳು. ಮೇ ತಿಂಗಳ ನಡುವೆ, ಚಳಿ ಮುಗಿಯಿತೆಂದು ಎಲ್ಲರೂ ಕೋಟು ಒಳಗಿಟ್ಟ ಮೇಲೆ, ಆ ಮೂವರು ಸಂತರು ತಪ್ಪದೆ ಬಂದು ಒಂದು ಸಲ ಎಲ್ಲರನ್ನೂ ನಡುಗಿಸಿ ಹೋಗುತ್ತಾರೆ. ಎದುರಿಗೆ ಕೂತ ಹೆಂಗಸಿನ ಮಡಿಲಲ್ಲಿ ಟೊಮೇಟೊ ಸಸಿಗಳ ತಟ್ಟೆ. ಅದರ ಮೇಲೆ ಅವಳು ತನ್ನ ಶಾಲು ಹೊದಿಸಿದ್ದಳು. ಸಸಿಗೆ ಗೊತ್ತಿಲ್ಲ, ಹೆಂಗಸಿಗೆ ಗೊತ್ತು. ಅಪ್ಪನಿಗೂ ಇದೆಲ್ಲ ಗೊತ್ತಿತ್ತು, ಹಾನಾ ಬಯಲಿನಲ್ಲಿ ಹುಟ್ಟಿದವನಿಗೆ ಮಣ್ಣು ಹೇಳಿಕೊಡಬೇಕಿರಲಿಲ್ಲ. ಚಳಿಗೋಧಿಯನ್ನು ಎಲೆ ಉದುರುವ ಕಾಲಕ್ಕೆ ಬಿತ್ತಬೇಕು, ಅದು ಹಿಮದ ಕೆಳಗೆ ಮಲಗಿ ಎದ್ದರೇನೇ ತೆನೆ ಬಿಡುವುದು, ಮರೆತು ವಸಂತದಲ್ಲಿ ಬಿತ್ತಿದರೆ ಬರೀ ಹುಲ್ಲು, ಇದು ಅಲ್ಲಿನ ಕೋಳಿಗಳಿಗೂ ತಿಳಿದ ವಿಷಯ. ಅಂಥ ಊರಿನಲ್ಲಿ ಅಪ್ಪ ಪ್ರತಿ ವಸಂತದಲ್ಲೂ, ಎಲ್ಲರ ಕಣ್ಣೆದುರಿಗೆ, ಹಿತ್ತಲಿನ ಪಾತಿಯಲ್ಲಿ ಚಳಿಗೋಧಿ ಬಿತ್ತುತ್ತಿದ್ದ. ಮೊಳಕೆ ಬರಿಸಿದ ಕಾಳನ್ನು ನೆಲಮಾಳಿಗೆಯಲ್ಲಿ ಐಸಿನ ಮಗ್ಗುಲಲ್ಲಿ ವಾರಗಟ್ಟಲೆ ಇಟ್ಟು ಬಿತ್ತಿದರೆ, ಕಾಳು ಮೋಸಹೋಗಿ, ಚಳಿಗಾಲ ಕಳೆಯಿತೆಂದುಕೊಂಡು ತೆನೆ ಬಿಡುತ್ತಿತ್ತು, ಅದು ಸರಿಯೇ. ಆದರೆ ಆ ತೆನೆಯ ಕಾಳನ್ನು ಮುಂದಿನ ವಸಂತಕ್ಕೆ ಚಳಿ ಕೊಡದೆ ಹಾಗೇ ಬಿತ್ತುತ್ತಿದ್ದ. ತಾಯಿ ಕಲಿತದ್ದನ್ನು ಮಗು ಹುಟ್ಟುವಾಗಲೇ ತಂದಿರುತ್ತದೆ ಎಂಬುದು ಆ ಕಾಲದ ಸಿದ್ಧಾಂತ. ಮಾಸ್ಕೋದಿಂದ ಬಂದದ್ದು. ಗೋಧಿಯನ್ನು ಪಳಗಿಸಿದರೆ ರೈ ಎಂಬ ಬೇರೆ ಧಾನ್ಯವನ್ನೇ ಮಾಡಬಹುದು ಎಂದು ಅದರಲ್ಲಿತ್ತು. ಇದೇ ಬರ್ನೋದ ಮಠದ ಹಿತ್ತಲಲ್ಲಿ ಬಟಾಣಿ ಬೆಳೆದು ತಳಿಗುಣದ ಲೆಕ್ಕ ಹಾಕಿದ ಸನ್ಯಾಸಿಯ ಹೆಸರೆತ್ತಿದರೆ ಕೆಲಸ ಹೋಗುತ್ತಿದ್ದ ಕಾಲ ಅದು. ಕೃಷಿ ಶಾಲೆಯಲ್ಲಿ ಹೊಸ ಮೇಷ್ಟ್ರಾಗಿದ್ದ ಅಪ್ಪ ಹೆದರಿ ಪಾಠ ಮಾಡಿದವನಲ್ಲ, ನಂಬಿ ಮಾಡಿದವನು. ಅದೇ ಕಷ್ಟವಾದದ್ದು. ಹೆದರಿ ಮಾಡಿದವರೆಲ್ಲ ಕಾಲ ಬದಲಾದ ದಿನ ಕೋಟು ಕೊಡವಿ ಎದ್ದು ಹೋದರು.

ಚಳಿ ಕೊಡದೆ ಬಿತ್ತಿದ ಆ ಎರಡನೆಯ ತಲೆಮಾರಿನ ಗೋಧಿ ಪ್ರತಿ ವರ್ಷವೂ ಹುಲ್ಲೇ ಆಯಿತು. ಹಸಿರಾಗಿ, ಸೊಂಪಾಗಿ, ನೋಡಿದರೆ ಕಣ್ಣು ತಂಪಾಗುವಂಥ ಹುಲ್ಲು. "ಇನ್ನೊಂದು ತಲೆಮಾರು ನೋಡೋಣ," ಎನ್ನುತ್ತಿದ್ದ ಅಪ್ಪ ಊಟದ ಮೇಜಿನಲ್ಲಿ. ಅಮ್ಮ ಮಿಲಾದಾಳ ಕೈಗೆ ಕುಡುಗೋಲು ಕೊಟ್ಟು ಕಣ್ಣಲ್ಲೇ ಹಿತ್ತಲು ತೋರಿಸುತ್ತಿದ್ದಳು. ಹುಲ್ಲು ಮೊಲಕ್ಕೆ, ಮೊಲ ಕೆನೆಗೆ, ಕೆನೆ ಭಾನುವಾರದ ತಟ್ಟೆಗೆ. ಒಟ್ಟು ಮನೆಯೇ ಅಪ್ಪನ ಸಿದ್ಧಾಂತವನ್ನು ತಿಂದು ಬಾಯಿ ಒರೆಸಿಕೊಳ್ಳುತ್ತಿತ್ತು. "ಅಪ್ಪನ್ನ ಏನೂ ಕೇಳ್ಬೇಡ," ಎಂದು ಅಮ್ಮ ಹೇಳಿದ್ದು ಒಂದೇ ಸಲ, ಅವಳು ಏನೋ ಕೇಳಬೇಕೆಂದು ಬಾಯಿ ತೆರೆದಾಗ. ಅಷ್ಟು ಹೊತ್ತಿಗೆ ಆ ಸಿದ್ಧಾಂತ ಮಾಸ್ಕೋದಲ್ಲೇ ಬಿದ್ದುಹೋಗಿತ್ತು. ಶಾಲೆಯ ಹುಡುಗರು ಅವಳ ಕಾಲರಿನೊಳಗೆ ಹಿಮದುಂಡೆ ತುರುಕಿ, "ಹೂಂ, ರೈ ಆಗು ನೋಡೋಣ," ಎನ್ನುತ್ತಿದ್ದರು. ಬೆನ್ನಿನಲ್ಲಿ ಹಿಮ ಕರಗಿ ಸೊಂಟಕ್ಕಿಳಿಯುವಾಗ ಅವಳಿಗೆ ಅಳುವಿಗಿಂತ ಮೊದಲು ಬಂದದ್ದು ಒಂದು ಕುತೂಹಲ: ಒಂದು ವೇಳೆ ಆಗಿಬಿಟ್ಟರೆ? ಒಳಗೆಲ್ಲೋ ಏನೋ ತಿರುಗಿಬಿಟ್ಟರೆ? ಆ ಹುಡುಗರ ಮುಖಗಳು ಈಗ ಮರೆತಿವೆ. ಹಿಮ ಇಳಿದ ದಾರಿ ಬೆನ್ನಿಗೆ ಇನ್ನೂ ನೆನಪಿದೆ, ಅದು ಯಾವ ಗುರುತು, ಎಲ್ಲಿ ಬರೆದಿಟ್ಟದ್ದು ಎಂದು ಅವಳು ಎಷ್ಟೋ ಸಲ ಯೋಚಿಸಿದ್ದಳು. ಟ್ರಾಮು ನಿಂತಿತು, ಟೊಮೇಟೊ ಹೆಂಗಸು ಇಳಿದು ಹೋದಳು.

ಸಂಸ್ಥೆಯ ಬಾಗಿಲಲ್ಲಿ ವಿಭಾಗದ ಮುಖ್ಯಸ್ಥ ಕುಬಾತ್ ಹೊಸ ಟೈ ಕಟ್ಟಿಕೊಂಡು ನಿಂತಿದ್ದ. ಕೆಟ್ಟವನಲ್ಲ ಕುಬಾತ್. ಬುದ್ಧಿವಂತ, ಕೆಲಸಗಾರ, ನಗಿಸುವವನು. ಅವನ ಹತ್ತಿರ ಒಂದು ಹಳೆಯ ಜೋಕಿತ್ತು, ಹೊರಗಿನವರು ಬಂದಾಗ ತಪ್ಪದೆ ಹೇಳುತ್ತಿದ್ದ: ಆ ಕಾಲದಲ್ಲಿ ಒಬ್ಬ ಮೇಷ್ಟ್ರು ಹಸುವನ್ನು ಹಿಮದಲ್ಲಿ ನಿಲ್ಲಿಸಿದನಂತೆ, ಕರುವಿಗೆ ಹಾಲಿನ ಬದಲು ಐಸ್‌ಕ್ರೀಮು ಸಿಗಲಿ ಅಂತ. ಅವಳು ಕೆಲಸಕ್ಕೆ ಸೇರಿದ ಹೊಸತರಲ್ಲಿ ಕ್ರಿಸ್ಮಸ್ ಕೂಟದಲ್ಲಿ ಮೊದಲ ಸಲ ಈ ಜೋಕು ಕೇಳಿದಾಗ ಅವಳು ನಕ್ಕಿದ್ದಳು. ಸುಮ್ಮನೆ ನಕ್ಕಿದ್ದರೆ ಪರವಾಗಿರಲಿಲ್ಲ. ಎಲ್ಲರಿಗಿಂತ ಜೋರಾಗಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದಳು, ಯಾರೋ ಬೆನ್ನು ಸವರಿ ನೀರು ಕೊಟ್ಟಿದ್ದರು. ಆ ನಗು ಆಮೇಲೆ ಎಷ್ಟೋ ದಿನ ಅವಳ ಕಿವಿಯಲ್ಲಿತ್ತು. ಅಪ್ಪನನ್ನು ಯಾರಿಗೋ ಕೊಟ್ಟುಬಿಟ್ಟ ಹಾಗೆ ನಾಚಿಕೆಯಾಗಿತ್ತು. ಆ ಕೂಟದಲ್ಲಿದ್ದ ಯಾರಿಗೂ ಅವಳ ಅಪ್ಪ ಯಾರು, ಏನು ಪಾಠ ಮಾಡುತ್ತಿದ್ದ ಎಂದು ಗೊತ್ತಿರಲಿಲ್ಲ, ಗೊತ್ತಾಗದ ಹಾಗೆ ಅವಳು ನೋಡಿಕೊಂಡಿದ್ದಳು.

"ನಿಮ್ಮ ತಂದೆ ಬರ್ತಾರಂತಲ್ಲ," ಎಂದ ಕುಬಾತ್. "ಮೇಷ್ಟ್ರಾಗಿದ್ರು ಅಂತ ಕೇಳ್ದೆ. ಏನು ಪಾಠ?"

"ಆಲೂಗಡ್ಡೆ, ಟ್ರ್ಯಾಕ್ಟರ್ ಎಲ್ಲ," ಎಂದಳು ಮಿಲಾದಾ. ಅದೂ ನಿಜ. ಸಿದ್ಧಾಂತ ಬಿದ್ದ ಮೇಲೆ ಅಪ್ಪನಿಗೆ ಕೊಟ್ಟದ್ದು ಅದನ್ನೇ.

ಬಸ್ಸು ಬಂತು. ಹಿರಿಯರು ಒಬ್ಬೊಬ್ಬರಾಗಿ, ಮೆಟ್ಟಿಲನ್ನು ನಂಬದೆ, ಇಳಿದರು. ಎಲ್ಲರೂ ದಪ್ಪ ಕೋಟಿನಲ್ಲಿದ್ದರು. ಮುಂದೆ ಬಂದವಳು ಶೆಬೆಸ್ತೋವಾ, ಅಪ್ಪನ ಪಕ್ಕದ ಕೋಣೆಯವಳು, ಊರಿನ ಬೇಕರಿಯಲ್ಲಿ ಜೀವನ ಕಳೆದವಳು. "ಹಿಮಸಂತರು ಕಳೆಯೋ ತನಕ ಟೊಮೇಟೊ ಸಸಿ ಹೊರಗಿಡಬಾರದು ಅಂತಾರೆ," ಎಂದಳು ಕುಬಾತನ ಕೈ ಕುಲುಕುತ್ತ, "ಮುದುಕರನ್ನ ಇಟ್ಟಿದಾರೆ ನೋಡಿ." ಕೊನೆಯಲ್ಲಿ ಇಳಿದದ್ದು ಅಪ್ಪ. ಸಣ್ಣಗಾಗಿದ್ದ. ಟೋಪಿ ತೆಗೆದು, ಮದುವೆಗೆ ಬಂದವನ ಹಾಗೆ ಎಣ್ಣೆ ಹಚ್ಚಿ ಬಾಚಿದ ನಾಲ್ಕು ಕೂದಲನ್ನು ಕೈಯಲ್ಲಿ ಸರಿಮಾಡಿಕೊಂಡ. ಇನ್ನೊಂದು ಕೈಯಲ್ಲಿ ಬಟ್ಟೆಯ ಚೀಲ. ಅದರೊಳಗೆ ಏನಿದೆ ಎಂದು ಅವಳು ಕೇಳಬೇಕಾಗಿರಲಿಲ್ಲ. ಹಾನಾದ ಹಳದಿ ಗಿಣ್ಣು, ಮಾಗಿ ನಾರುವ ಆ ಚೀಸು, ಎರಡು ಮಾರು ದೂರದಿಂದಲೇ ತನ್ನ ಹೆಸರು ಹೇಳಿಕೊಳ್ಳುತ್ತದೆ. ಒಗೆಯದ ಕಾಲುಚೀಲದ ವಾಸನೆ ಎಂದು ಬರ್ನೋದವರು ಆಡಿಕೊಳ್ಳುತ್ತಾರೆ, ಮತ್ತೆ ಬಿಯರಿನ ಜೊತೆ ಅದನ್ನೇ ಹುಡುಕಿಕೊಂಡು ಹೋಗುತ್ತಾರೆ.

"ಅಪ್ಪ, ಇದನ್ನ ಬಸ್ಸಲ್ಲೇ ಬಿಟ್ಟು ಬರಬಾರದಾ," ಎಂದಳು ಮೆಲ್ಲಗೆ.

"ಬಿಟ್ರೆ ಡ್ರೈವರ್ ತಿಂದ್ಬಿಡ್ತಾನೆ ಕಣೆ. ಆಗ್ಲೇ ಕೇಳ್ತಿದ್ದ."

ಕುಬಾತ್ ಸಭಾಂಗಣದಲ್ಲಿ ಸ್ವಾಗತ ಹೇಳಿದ. ಹೂವು, ಪರಾಗ, ಬೀಜ, ಎಲ್ಲವನ್ನೂ ಸುಲಭವಾಗಿ ಹೇಳಿದ, ಚೆನ್ನಾಗಿಯೇ ಹೇಳಿದ. ಆಮೇಲೆ ಹಸುವಿನ ಜೋಕು ಹೇಳಿದ. ಹಿರಿಯರು ಜೋರಾಗಿ ನಕ್ಕರು. ಮಿಲಾದಾ ಗೋಡೆಗೆ ಒರಗಿ ಅಪ್ಪನನ್ನು ನೋಡಿದಳು. ಅಪ್ಪನೂ ನಕ್ಕ. ತಡವಾಗಿ, ಮರ್ಯಾದೆಗೆ, ಪರಿಚಯವಿಲ್ಲದವರ ಮನೆಯಲ್ಲಿ ಉಪ್ಪಿಲ್ಲದ ಸೂಪು ಕುಡಿದು ಚೆನ್ನಾಗಿದೆ ಎನ್ನುವವನ ಹಾಗೆ. ಅವಳಿಗೆ ಕುಬಾತನ ಮೇಲೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚು ತನ್ನ ಮೇಲೆ ಬಂತು. ಅಪ್ಪನ ಆ ನಗು ಇವತ್ತಿನದಲ್ಲ, ವರ್ಷಗಟ್ಟಲೆ ರೂಢಿಯಾದದ್ದು ಎಂದು ಮುಖದಲ್ಲೇ ಕಾಣುತ್ತಿತ್ತು. ಅಂಗಡಿಯಲ್ಲಿ, ಇಗರ್ಜಿಯ ಮೆಟ್ಟಿಲಲ್ಲಿ, ಮೇಷ್ಟ್ರುಗಳ ಕೋಣೆಯಲ್ಲಿ ಅವನು ಹೀಗೆ ಎಷ್ಟು ಸಲ ನಕ್ಕಿರಬೇಕು.

ಅವಳ ಕತ್ತಲೆಕೋಣೆಯಲ್ಲಿ ಐದಾರು ಜನಕ್ಕಿಂತ ಹೆಚ್ಚು ಹಿಡಿಯುವುದಿಲ್ಲ. ಕೊನೆಯ ಗುಂಪಿನಲ್ಲಿ ಶೆಬೆಸ್ತೋವಾ, ಒಬ್ಬರನ್ನೊಬ್ಬರು ಹಿಡಿದುಕೊಂಡ ಗಂಡಹೆಂಡತಿ, ಅಪ್ಪ, ಅಪ್ಪನ ಚೀಲ. ಕುಬಾತ್ ಬಾಗಿಲಿನ ಪರದೆ ಹಿಡಿದುಕೊಂಡು ಅಲ್ಲೇ ನಿಂತ. ದೀಪ ಆರಿಸಿದ ಕೂಡಲೇ ಗಿಣ್ಣಿನ ವಾಸನೆ ಇಮ್ಮಡಿಯಾಯಿತು. ಮಿಲಾದಾ ಕಂಪ್ಯೂಟರಿನ ಪರದೆಯ ಮೇಲೆ ಮೊದಲ ಚಿತ್ರ ತಂದಳು: ಅಂಗೈಯಷ್ಟಗಲದ ಪುಟ್ಟ ಗಿಡ, ಸಾಸಿವೆ ಜಾತಿಯ ಕಳೆ, ಎಲೆಯೆಲ್ಲ ನೀಲಿಬಿಳಿ ಬೆಳಕು.

"ಹೂ ಬಿಡಬೇಡ ಅಂತ ತಡೆಯೋ ಒಂದು ಬ್ರೇಕಿದೆ ಗಿಡದಲ್ಲಿ," ಎಂದಳು. "ಆ ಬ್ರೇಕು ಬಿಗಿದಿರೋ ಕಡೆಯೆಲ್ಲ ಬೆಳಗೋ ಹಾಗೆ ಮಿಂಚುಹುಳದ ಒಂದು ಗುಣ ಸೇರಿಸಿದೀವಿ. ನಮ್ಮ ಕಣ್ಣಿಗೆ ಕಾಣಲ್ಲ. ಕ್ಯಾಮೆರಾ ತುಂಬ ಹೊತ್ತು ನೋಡಿದ್ರೆ ಕಾಣುತ್ತೆ."

"ಮಿಂಚುಹುಳದ್ದು ಗಿಡಕ್ಕಾ?" ಎಂದಳು ಶೆಬೆಸ್ತೋವಾ. "ಅದು ಒಪ್ಕೊಳ್ತಾ?"

"ಒಪ್ಕೊಂಡಿದೆ."

"ನಮ್ಮ ಸೊಸೆಗಿಂತ ವಾಸಿ."

ಮುಂದಿನ ಚಿತ್ರ ಬರೀ ಕಪ್ಪು. ಕರೆಂಟು ಹೋಯಿತೇ ಎಂದು ಯಾರೋ ಕೇಳಿದರು. "ಇಲ್ಲ, ಇದೇ ಗಿಡ. ಚಳಿಗಾಲ ಕಳೆದ ಮೇಲಿನದು. ಬ್ರೇಕು ಸಡಿಲವಾಗಿದೆ. ಇನ್ನು ಹೂ ಬಿಡುತ್ತೆ." ಹೀಗೆ ಹೇಳುವಾಗ ತನ್ನ ದನಿ ಎಂದಿಗಿಂತ ಸಣ್ಣಗಾಗಿದೆ ಎಂದು ಅವಳಿಗೇ ಅನಿಸಿತು. ಕತ್ತಲೆಯಲ್ಲಿ ಅಪ್ಪ ಎಲ್ಲಿದ್ದಾನೆಂದು ವಾಸನೆಯಿಂದ ತಿಳಿಯುತ್ತಿತ್ತು. ಈಗ ಅವನು ಗಂಟಲು ಸರಿಮಾಡಿಕೊಂಡ.

"ಡಾಕ್ಟರ್ ದೊಹ್ನಾಲೋವಾ ಅವರೇ," ಎಂದ ಅಪ್ಪ. "ಒಂದು ಪ್ರಶ್ನೆ ಕೇಳ್ಬಹುದಾ ನಿಮ್ಮನ್ನ?"

ನಿಮ್ಮನ್ನ. ಹುಟ್ಟಿದಾಗಿನಿಂದ ನೀನು, ಕಣೆ, ಮಿಲಾ ಎಂದವನು. ತಮಾಷೆಯೆಂದು ಮೊದಲು ಅನಿಸಿತು, ದನಿ ತಮಾಷೆಯದಾಗಿರಲಿಲ್ಲ. ಪಾಠ ಕೇಳಲು ಬಂದವನು ಮೇಷ್ಟ್ರನ್ನು ಕೇಳುವ ದನಿ ಅದು.

"ಕೇಳಿ," ಎಂದಳು.

"ಬ್ರೇಕು ಹೋಯ್ತು ಅಂದ್ರಲ್ಲ. ಗಿಡ ಅದನ್ನ ಕಿತ್ತೇ ಹಾಕುತ್ತಾ?"

"ಇಲ್ಲ. ಕೀಳಲ್ಲ. ಅಡುಗೆ ಪುಸ್ತಕದಲ್ಲಿ ಒಂದು ಪುಟ ಅಂಟಿಸಿಬಿಟ್ಟ ಹಾಗೆ. ಅಕ್ಷರ ಹೋಗಲ್ಲ, ಒಂದೂ ಬದಲಾಗಲ್ಲ. ಆದ್ರೆ ಓದೋಕಾಗಲ್ಲ."

"ನಮ್ಮತ್ತೆ ಹಾಗೇ ಮಾಡಿದ್ಲು," ಎಂದಳು ಶೆಬೆಸ್ತೋವಾ. "ಬಾತುಕೋಳಿ ಹುರಿಯೋ ಪುಟಕ್ಕೆ ಪಿನ್ನು ಹೊಡೆದಿಟ್ಟು ಸತ್ತಳು. ನಾನು ಓದಿಬಿಡ್ತೀನಿ ಅಂತ."

ಎಲ್ಲರೂ ನಕ್ಕರು. ಅಪ್ಪ ನಗು ಮುಗಿಯುವ ತನಕ ಕಾದ. "ಪುಟ ಅಂಟಿಸೋದು ನನಗೆ ಗೊತ್ತು," ಎಂದ. "ನಾನೇ ಅಂಟು ಕಾಯಿಸಿದೀನಿ. ಮಾಸ್ಕೋ ಪಾಠ ಇನ್ನು ಮಾಡ್ಬೇಡಿ ಅಂತ ಆದೇಶ ಬಂದಾಗ ಹೊಸ ಪುಸ್ತಕ ಬಂದಿರಲಿಲ್ಲ. ಇರೋ ಪುಸ್ತಕದಲ್ಲೇ ಆ ಪುಟಗಳನ್ನ ಅಂಟಿಸಿ ಅಂದ್ರು. ಮೈದಾ ಕಲಸಿ, ಶಾಲೆ ಒಲೆ ಮೇಲೆ ಕಾಯಿಸಿ, ಹುಡುಗರ ಕೈಲಿ ಒಂದೊಂದೇ ಪುಸ್ತಕ ಅಂಟಿಸಿದೆ. ಅದರ ಹಿಂದಿನ ವರ್ಷ ಅದೇ ಹುಡುಗರಿಗೆ ಅದೇ ಪುಟ ಬಾಯಿಪಾಠ ಮಾಡಿಸಿದ್ದೆ. ಯಾಕೆ ಸಾರ್ ಅಂತ ಒಬ್ಬ ಕೇಳ್ದ. ಒದ್ದೆ ಇರುವಾಗ ತಿರುಗಿಸ್ಬೇಡ, ಹರಿಯುತ್ತೆ ಅಂದೆ."

ಇದು ಅವಳಿಗೆ ಗೊತ್ತಿರಲಿಲ್ಲ. ಮನೆಯಲ್ಲಿ ಯಾರೂ ಹೇಳಿರಲಿಲ್ಲ, ಅವಳೂ ಕೇಳಿರಲಿಲ್ಲ. ಕೈ ತಾನಾಗಿ ಮುಂದಿನ ಚಿತ್ರ ಒತ್ತಿತು. ಒಣಗುವುದಕ್ಕೆ ಮುಂಚಿನ ಹಸಿರು ಕಾಯಿ, ಅದನ್ನು ಸೀಳಿ ತೆರೆದದ್ದು. ಕಾಯಿ ಕಪ್ಪು, ತೊಟ್ಟು ಕಪ್ಪು, ತಾಯಿ ಗಿಡವೆಲ್ಲ ಕಪ್ಪು. ಒಳಗೆ ಸಾಲಾಗಿ ಸಣ್ಣ ಸಣ್ಣ ಚುಕ್ಕೆಗಳು ಬೆಳಗುತ್ತಿದ್ದವು. ಎಷ್ಟು ಸಲ ನೋಡಿದರೂ ಈ ಚಿತ್ರದ ಮುಂದೆ ಅವಳ ಉಸಿರು ಒಂದು ಕ್ಷಣ ನಿಲ್ಲುತ್ತಿತ್ತು. ಪರಾಗ ಬಂದು ಕೂಡುವ ತನಕ ಅಂಟಿಕೊಂಡೇ ಇದ್ದ ಪುಟವನ್ನು, ಇನ್ನೂ ಬೇರು ಯಾವುದು ಎಲೆ ಯಾವುದು ಎಂದು ನಿರ್ಧಾರವಾಗದ ಒಂದು ಹಸಿ ಮುದ್ದೆ ತನಗೆ ತಾನೇ ಬಿಡಿಸಿಕೊಳ್ಳುತ್ತದೆ. ತಂದೆಯ ಕಡೆಯಿಂದ ಬಂದ ಪುಟವನ್ನೂ, ತಾಯಿಯ ಕಡೆಯಿಂದ ಬಂದ ಪುಟವನ್ನೂ. ಯಾವ ಪುಟ ಎಂದು ಅದಕ್ಕೆ ಹೇಗೆ ತಿಳಿಯುತ್ತದೆ? ಬೇರೆ ಎಷ್ಟೋ ಪುಟಗಳನ್ನು ಅಂಟಿದ ಹಾಗೆಯೇ ಬಿಟ್ಟು ಇದೊಂದನ್ನೇ ಯಾಕೆ? ವರ್ಷಗಳಿಂದ ಅವಳ ನಿದ್ದೆ ಕೆಡಿಸಿದ್ದು ಇದೇ ಪ್ರಶ್ನೆ. ಅದರ ಸಂತೋಷವನ್ನು ಅವಳು ಯಾರ ಜೊತೆ ಹಂಚಿಕೊಳ್ಳಬೇಕಾಗಿತ್ತೋ ಅವನಿಂದಲೇ ಮುಚ್ಚಿಟ್ಟಿದ್ದಳು.

"ಅಂಟು ಬಿಟ್ಟಿತಾ?" ಎಂದ ಅಪ್ಪ.

"ಬಿಟ್ಟಿತು. ಪ್ರತಿ ಬೀಜದಲ್ಲೂ ಬ್ರೇಕು ಮತ್ತೆ ಬಿಗಿಯಾಗಿದೆ."

"ಅಂದ್ರೆ ತಾಯಿ ಕಂಡ ಚಳಿಗಾಲ..."

"ಬೀಜಕ್ಕೆ ಗೊತ್ತಿಲ್ಲ."

"ಹಾಗಾದ್ರೆ ನೇರವಾಗೇ ಕೇಳ್ತೀನಿ," ಎಂದ ಅಪ್ಪ. "ಪೇಪರಿನವರು ಆ ಕಾಲದವರು ಸರಿ ಇದ್ರು ಅಂತ ಬರೆದಿದಾರೆ. ಚಳಿ ಕೊಟ್ಟ ಗೋಧಿಯ ಮಕ್ಕಳೂ ಚಳಿ ಬೇಡ ಅನ್ನುತ್ವೆ ಅಂತ ನಾನು ಪಾಠ ಮಾಡಿದೀನಿ. ಅದು ಸರಿಯಾ, ತಪ್ಪಾ? ಒಂದು ಮಾತಲ್ಲಿ ಹೇಳಿ."

ಬಾಗಿಲಲ್ಲಿ ಕುಬಾತ್ ಕಾಲು ಬದಲಿಸಿದ ಸದ್ದಾಯಿತು. ಈಗ ಅವನಿಗೂ ಗೊತ್ತಾಯಿತು. ಮಿಲಾದಾಳ ಬಾಯಿಯಲ್ಲಿ ಸಿದ್ಧವಾದ ಮಾತುಗಳಿದ್ದವು: ವಿಷಯ ಅಷ್ಟು ಸರಳವಲ್ಲ, ಕೆಲವು ಗುರುತುಗಳು ದಾಟುವುದುಂಟು, ಒಂದು ಅರ್ಥದಲ್ಲಿ ನೋಡಿದರೆ. ಅವೆಲ್ಲ ಸುಳ್ಳಲ್ಲ. ಅವನ್ನು ಹೇಳಿದರೆ ಅಪ್ಪ ಪೇಪರನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು ಸುಖವಾಗಿ ಊರಿಗೆ ಹೋಗಬಹುದು, ಇನ್ನೆಷ್ಟು ವರ್ಷ ಅವನಿಗೆ. ಕುಡುಗೋಲು ಕೊಟ್ಟ ಅಮ್ಮ ಕತ್ತಲೆಯಲ್ಲೆಲ್ಲೋ ನಿಂತು ಕೇಳಬೇಡ, ಹೇಳಬೇಡ ಎನ್ನುತ್ತಿದ್ದಳು. ಅಪ್ಪನನ್ನು ನೋಯಿಸಬಾರದು ಎಂದು ಮನೆಯವರೆಲ್ಲ ಸೇರಿ ಎಷ್ಟು ಹಗುರವಾಗಿ ಹೆಜ್ಜೆ ಇಟ್ಟಿದ್ದರು, ಪಾತಿಯ ಪಕ್ಕದಲ್ಲಿ ನಡೆಯುವಾಗ ಕೂಡ. ಊರವರು ನಕ್ಕರು, ಮನೆಯವರು ನಗಲಿಲ್ಲ. ಆದರೆ ಅವನ ಜೊತೆ ಜಗಳವನ್ನೂ ಆಡಲಿಲ್ಲ. ನಗುವವರೂ ಸುಮ್ಮನಿರುವವರೂ ಅವನನ್ನು ಒಂದೇ ಕಡೆ ಕೂರಿಸಿದ್ದರು, ಮಾತಿಗೆ ಉತ್ತರ ಕೊಡುವ ಅಗತ್ಯವಿಲ್ಲದವರ ಸಾಲಿನಲ್ಲಿ. ಹೇಳಿದರೆ ಅವನು ಇಲ್ಲೇ ಕುಸಿದು ಕೂತರೆ ಎಂಬ ಭಯವೂ ಇತ್ತು. ಆದರೆ ಅವನು ನಿಮ್ಮನ್ನ ಎಂದಿದ್ದ. ಮಗಳನ್ನು ಕೇಳಿದ್ದರೆ ಅವಳು ಇನ್ನೊಂದು ಹಾಲು ಉಕ್ಕಿಸುತ್ತಿದ್ದಳೋ ಏನೋ.

"ತಪ್ಪು," ಎಂದಳು. "ನೀವು ಪಾಠ ಮಾಡಿದ್ದು ತಪ್ಪು. ಆದ್ರೆ..."

"ಆದ್ರೆ ಬೇಡ," ಎಂದ ಅಪ್ಪ.

ಯಾರೋ ನಿಟ್ಟುಸಿರು ಬಿಟ್ಟರು. ಅವನೇ ಇರಬೇಕು. ಗಂಡಹೆಂಡತಿಯಲ್ಲಿ ಒಬ್ಬರು ಮೆಲ್ಲಗೆ ಕೆಮ್ಮಿದರು. "ಮೊದಲು ಇದನ್ನ ಕಲಿಸು ಅಂದ್ರು," ಎಂದ ಅಪ್ಪ, ಯಾರಿಗೆಂದು ತಿಳಿಯದ ಹಾಗೆ. "ಆಮೇಲೆ ಅಂಟಿಸು ಅಂದ್ರು. ತಪ್ಪು ಅಂತ ಯಾರೂ ಹೇಳ್ಲಿಲ್ಲ. ಸರಿ ಅಂತಾನೂ ಹೇಳ್ಲಿಲ್ಲ. ಇನ್ಸ್‌ಪೆಕ್ಟರನ್ನ ಕೇಳ್ದೆ, ಮೇಷ್ಟ್ರೇ ಯಾಕ್ ಸುಮ್ನೆ ಅಂದ್ರು. ನಿಮ್ಮಮ್ಮನ್ನ ಕೇಳ್ದೆ, ಊಟ ತಣ್ಣಗಾಗುತ್ತೆ ಅಂದ್ಲು. ಅದಕ್ಕೇ ಬಿತ್ತಿದೆ ಮಿಲಾ. ಗೋಧಿನಾದ್ರೂ ಹೇಳಲಿ ಅಂತ."

"ಗೋಧಿ ಹೇಳ್ತಾ?" ಎಂದಳು.

"ಪ್ರತಿ ವರ್ಷ ಹೇಳ್ತು. ಹುಲ್ಲು ಹೇಳಿದ್ದು ನಂಬೋಕೆ ನನಗೆ ಧೈರ್ಯ ಬರಲಿಲ್ಲ. ಇನ್ನೊಂದು ತಲೆಮಾರು ಅಂದೆ." ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಿಸಿದ. "ಅದಿರಲಿ. ಯಾಕೆ ಒರೆಸುತ್ತೆ? ತಾಯಿ ಅಷ್ಟು ಕಷ್ಟಪಟ್ಟು ಕಲಿತದ್ದು. ಇಟ್ಕೊಂಡ್ರೆ ಲಾಭ ಅಲ್ವಾ?"

ದನಿಯಲ್ಲಿದ್ದದ್ದು ದುಃಖವಲ್ಲ, ಶುದ್ಧ ಕುತೂಹಲ. ಅವಳನ್ನು ಬೆಳಿಗ್ಗೆ ಎಬ್ಬಿಸುವಂಥದ್ದೇ. ಅವಳು ತನಗರಿವಿಲ್ಲದೆ ಹತ್ತಿರ ಹೋಗಿ ಪರದೆಯ ಚುಕ್ಕೆಗಳ ಮೇಲೆ ಬೆರಳಿಟ್ಟಳು.

"ಬೀಜ ಬೀಳೋದು ಬೇಸಿಗೆಯಲ್ಲಿ ಅಲ್ವಾ ಅಪ್ಪ. ಮೊಳಕೆ ಬರೋದು ಎಲೆ ಉದುರೋ ಕಾಲಕ್ಕೆ. ಚಳಿಗಾಲ ಮುಗಿದಿದೆ ಅಂತ ಹುಟ್ಟುವಾಗಲೇ ನಂಬಿಕೊಂಡು ಬಂದ್ರೆ ಏನಾಗುತ್ತೆ? ಆಗಲೇ ಹೂ ಬಿಡುತ್ತೆ. ಹಿಂದೇನೇ ಹಿಮ ಬೀಳುತ್ತೆ."

"ಸಾಯುತ್ತೆ."

"ಹೂವೂ ಇಲ್ಲ, ಬೀಜಾನೂ ಇಲ್ಲ. ಅದಕ್ಕೆ ಪ್ರತಿ ಬೀಜಾನೂ ತನ್ನ ಚಳಿಗಾಲ ತಾನೇ ಕಳೀಬೇಕು. ಅಮ್ಮನದು ಕೆಲಸಕ್ಕೆ ಬರಲ್ಲ."

ಅಪ್ಪ ಮುಂದೆ ಬಾಗಿ ಚುಕ್ಕೆಗಳನ್ನು ನೋಡಿದ. "ಹಾಗಾದ್ರೆ ನನ್ನ ಹುಲ್ಲು ಸರಿಯಾಗೇ ಇತ್ತು," ಎಂದ. "ಅದು ಚಳಿಗಾಲಕ್ಕೆ ಕಾಯ್ತಾ ಇತ್ತು. ನಾವು ಕೊಯ್ದು ಮೊಲಕ್ಕೆ ಹಾಕಿದ್ವಿ."

"ಮೊಲದ್ದಾದ್ರೂ ಹೊಟ್ಟೆ ತುಂಬಿತಲ್ಲ ಮೇಷ್ಟ್ರೇ," ಎಂದಳು ಶೆಬೆಸ್ತೋವಾ. "ಈಗ ದೀಪ ಹಾಕ್ರಮ್ಮ. ಈ ಗಿಣ್ಣಿನ ಜೊತೆ ಇನ್ನೊಂದು ಗಳಿಗೆ ಇದ್ರೆ ನಾನೂ ಬೆಳಗೋಕೆ ಶುರುಮಾಡ್ತೀನಿ."

ದೀಪ ಹತ್ತಿದಾಗ ಎಲ್ಲರೂ ಕಣ್ಣು ಚಿಕ್ಕದು ಮಾಡಿಕೊಂಡರು. ಮಿಲಾದಾ ಮೊದಲು ನೋಡಿದ್ದು ಅಪ್ಪನ ಮುಖವನ್ನು. ಏನು ಮುರಿದು ಬಿದ್ದಿರುತ್ತದೋ ಎಂದು ಹೆದರಿ ನೋಡಿದಳು. ಕಣ್ಣು ಒದ್ದೆಯಾಗಿತ್ತು, ಆದರೆ ಬೆನ್ನು ನೆಟ್ಟಗಿತ್ತು, ಪರೀಕ್ಷೆ ಮುಗಿಸಿ ಹೊರಬಂದ ವಿದ್ಯಾರ್ಥಿಯ ಹಾಗೆ ಕಾಣುತ್ತಿದ್ದ. ಬಾಗಿಲಲ್ಲಿದ್ದ ಕುಬಾತನ ಮುಖ ಕಿವಿಯ ತನಕ ಕೆಂಪಾಗಿತ್ತು. "ಸಾರ್, ಬೆಳಿಗ್ಗೆ ನಾನು ಹೇಳಿದ ಆ ಮಾತು," ಎಂದು ಶುರುಮಾಡಿ ಮುಂದೆ ಹೋಗಲಾರದೆ ನಿಂತ. "ಪರವಾಗಿಲ್ಲ," ಎಂದ ಅಪ್ಪ ಅವನ ತೋಳು ತಟ್ಟಿ. "ಆದ್ರೆ ಅದರಲ್ಲೂ ಒಂದು ತಪ್ಪಿದೆ ನೋಡಿ. ಐಸ್‌ಕ್ರೀಮು ಕರೆಯೋದು ಆ ಕರು ಹಸುವಾದ ಮೇಲೆ, ಒಂದು ತಲೆಮಾರು ಕಾಯ್ಬೇಕಿತ್ತು ಅವನು." ಕುಬಾತನಿಗೆ ನಗಬೇಕೋ ಬಾರದೋ ತಿಳಿಯಲಿಲ್ಲ. ಅಪ್ಪ ನಕ್ಕ ಮೇಲೆ ಅವನೂ ನಕ್ಕ. ಈ ಸಲ ಅಪ್ಪನ ನಗು ತಡವಾಗಿ ಬಂದದ್ದಲ್ಲ.

ಬಸ್ಸಿನ ತನಕ ಅವಳು ಅವನ ಕೈ ಹಿಡಿದು ನಡೆಸಿಕೊಂಡು ಹೋದಳು. ತುಂತುರು ಹನಿಯುತ್ತಿತ್ತು. ಅವನು ದಾರಿಯುದ್ದಕ್ಕೂ ಪ್ರಶ್ನೆ ಕೇಳುತ್ತಲೇ ಇದ್ದ: ಬ್ರೇಕನ್ನು ಮತ್ತೆ ಬಿಗಿಯುವುದು ಯಾರು, ಬೀಜವೋ, ಸುತ್ತಲಿನ ಕಾಯಿಯೋ? ಕಾಯಿ ಹಸಿರಿರುವಾಗಲೇ ಚಳಿ ತಾಗಿದರೆ? ಕೆಲವಕ್ಕೆ ಅವಳ ಹತ್ತಿರ ಉತ್ತರವಿತ್ತು, ಕೆಲವಕ್ಕೆ ಗೊತ್ತಿಲ್ಲ ಎಂದಳು. ಗೊತ್ತಿಲ್ಲ ಎಂದಾಗಲೆಲ್ಲ ಅವನಿಗೆ ಹೆಚ್ಚು ಖುಷಿಯಾಗುತ್ತಿತ್ತು. ಇಷ್ಟು ವರ್ಷ ಈ ಮನುಷ್ಯನ ಜೊತೆ ಕೂತು ಹವಾಮಾನದ ಬಗ್ಗೆ ಮಾತಾಡಿ ಎದ್ದು ಬಂದೆನಲ್ಲ ಎಂದು ಅವಳು ಅವನ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು. ಬಸ್ಸಿನ ಬಾಗಿಲಲ್ಲಿ ಸಿಗರೇಟು ಸೇದುತ್ತಿದ್ದ ಡ್ರೈವರನ ಮುಂದೆ ಅಪ್ಪ ನಿಂತ.

"ಇವಳು ನನ್ನ ಮಗಳು," ಎಂದ. "ಡಾಕ್ಟರು. ನಾನು ಜೀವಮಾನವೆಲ್ಲ ನಂಬಿದ್ದು ತಪ್ಪು ಅಂತ ಕಂಡುಹಿಡಿದಿದಾಳೆ."

ಡ್ರೈವರ್ ಅವಳನ್ನೊಮ್ಮೆ, ಅವನನ್ನೊಮ್ಮೆ ನೋಡಿದ. "ಅದಕ್ಕೆ ಇಷ್ಟು ಸಂತೋಷನಾ ತಾತ?"

"ಅಪ್ಪ, ಸಾಕು, ಹತ್ತು," ಎಂದಳು ಮಿಲಾದಾ. ಮುಖ ಬಿಸಿಯಾಗಿ ಹನಿ ತಾಗಿದ್ದೂ ತಿಳಿಯುತ್ತಿರಲಿಲ್ಲ.

ಅಪ್ಪ ಮೆಟ್ಟಿಲಿನ ಮೇಲೆ ಒಂದು ಕಾಲಿಟ್ಟು, ಕಂಬಿ ಹಿಡಿದು, ಡ್ರೈವರನ ಕಡೆಗೆ ತಿರುಗಿದ.

"ಕಲಿಸು ಅಂದವರೂ ಅಂಟಿಸು ಅಂದವರೂ ಎಲ್ಲ ನೋಡ್ದೇನೇ ಹೇಳಿದ್ರು," ಎಂದ. "ಇವಳು ನೋಡಿ ಹೇಳಿದ್ಲು."